ಮನೆತನಕ್ಕೆ ಮೂರು ಸಾಕ್ಷಿಗಳು

ಈಚೆಗೆ ಒಂದು ದಿನ ಇತಿಹಾಸದ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದನು: "ಎಂಜಲನ್ನು ಸಣ್ಣದೊಂದು ನಳಿಕೆಯಲ್ಲಿ ತುಂಬಿಸಿ ಅಂಚೆಯಲ್ಲಿ ಕಳುಹಿಸಿದರೆ ನಮ್ಮ ಹಿರಿಯರು ಯಾರೆಂದು ತಿಳಿಸುತ್ತಾರಂತೆ, ಮಾಸ್ಟ್ರೇ. ಹಾಗಾದರೆ ಹಳೆಯ ಕಾಗದಪತ್ರಗಳನ್ನು ಹುಡುಕುವ ಶ್ರಮವೇಕೆ? ಅಜ್ಜಿ ಹೇಳುವ ಕತೆಗಳನ್ನು ಕೇಳಿ ಬರೆದಿಟ್ಟುಕೊಳ್ಳಿರೆಂದು ನೀವು ಹೇಳುವುದಾದರೂ ಏಕೆ?"

ತರಗತಿಯು ನಕ್ಕಿತು. ಆದರೆ ಪ್ರಶ್ನೆಯು ನಗುವಂತಹುದಾಗಿರಲಿಲ್ಲ. ನೆತ್ತರೇ ನಿಜವನ್ನು ಹೇಳುವುದಾದರೆ ಕಾಗದವೂ ಬಾಯ್ಮಾತೂ ವ್ಯರ್ಥವಲ್ಲವೇ ಎಂಬುದು ಆ ಬಾಲಕನ ಸಂದೇಹ. ಅಂದು ಗಂಟೆ ಬಾರಿಸಿದುದರಿಂದ ಉತ್ತರವನ್ನು ಪೂರ್ಣವಾಗಿ ಹೇಳಲಾಗಲಿಲ್ಲ. ಆ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ. ಇದಕ್ಕಾಗಿ ನಮ್ಮಿಂದ ಬಹುದೂರದ ಅಮೆರಿಕದ ಒಂದು ಮನೆತನದ ವೃತ್ತಾಂತವನ್ನು ಆರಿಸಿಕೊಂಡಿದ್ದೇನೆ. ಕಾಗದ, ಬಾಯ್ಮಾತು, ನೆತ್ತರು ಎಂಬ ಮೂರು ಸಾಕ್ಷಿಗಳನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ ವಿಚಾರಿಸಿದ ಇಷ್ಟು ಸ್ಪಷ್ಟವಾದ ಉದಾಹರಣೆಯು ಇತಿಹಾಸದಲ್ಲಿ ಅಪರೂಪ.

೧

ಮೊದಲು ನೆತ್ತರಿನ ಭಾಷೆಯನ್ನು ಸ್ವಲ್ಪ ಅರಿತುಕೊಳ್ಳಬೇಕು. ಕಾಸರಗೋಡಿನ ಕಡೆಯ ನಮಗೆ ಇದು ಕಷ್ಟವಲ್ಲ. ನಮ್ಮಲ್ಲಿ ಹಿಂದಿನಿಂದಲೂ ಎರಡು ಕಟ್ಟುಗಳಿವೆ. ತಂದೆಯಿಂದ ಮಗನಿಗೆ ಮನೆತನವು ಇಳಿದು ಬರುವುದು ಮಕ್ಕಳ ಕಟ್ಟು; ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ ಬಳಿಯು ಸಾಗಿ ಬರುವುದು ಅಳಿಯ ಕಟ್ಟು. ಆಸ್ತಿಯ ವಿಷಯದಲ್ಲಿ ಅಳಿಯಸಂತಾನದ ಕೂಡುಕುಟುಂಬವನ್ನು 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಕೇರಳದ ಕಾಯಿದೆಯು ಕೊನೆಗೊಳಿಸಿತು. ಆದರೂ ಬಳಿಯನ್ನು ಕೇಳುವಾಗ ಇಂದಿಗೂ ಹಿರಿಯರು ತಾಯಿಯ ಕಡೆಯನ್ನೇ ಕೇಳುತ್ತಾರೆ.

ಮನುಷ್ಯನ ದೇಹದಲ್ಲಿಯೂ ಇವೇ ಎರಡು ಕಟ್ಟುಗಳಿವೆ. ಜೀವಕೋಶದ ನಡುವೆ ಇರುವ ವರ್ಣತಂತುಗಳಲ್ಲಿ 'ವೈ' ಎಂಬ ಒಂದು ತಂತುವು ಗಂಡಸರಲ್ಲಿ ಮಾತ್ರ ಇರುತ್ತದೆ. ಅದು ತಂದೆಯಿಂದ ಮಗನಿಗಲ್ಲದೆ ಮತ್ತಾರಿಗೂ ಹೋಗದು. ಇದು ದೇಹದ ಮಕ್ಕಳ ಕಟ್ಟು. ಕೋಶದಲ್ಲಿಯೇ ಮೈಟೋಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳಿವೆ. ಅವುಗಳಲ್ಲಿರುವ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುತ್ತದೆ. ಮಗನಿಗೂ ಬರುತ್ತದೆ, ಆದರೆ ಮಗನಿಂದ ಮುಂದೆ ಹೋಗದು. ಇದು ದೇಹದ ಅಳಿಯ ಕಟ್ಟು. ಉಳಿದ ವರ್ಣತಂತುಗಳು ತಂದೆತಾಯಿಗಳಿಬ್ಬರಿಂದಲೂ ಅರ್ಧರ್ಧವಾಗಿ ಬಂದು, ಪ್ರತಿ ತಲೆಮಾರಿನಲ್ಲಿಯೂ ಇಸ್ಪೀಟಿನ ಎಲೆಗಳಂತೆ ಕಲಸಿ ಹಂಚಿಹೋಗುತ್ತವೆ.

ಹಳಗನ್ನಡದ ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದರ ಮುಂದಿನ ಹೆಜ್ಜೆಯು ಸುಲಭವಾಗಿ ತಿಳಿಯುವುದು. ಓಲೆಗರಿಯ ಒಂದು ಕಾವ್ಯವನ್ನು ಲಿಪಿಕಾರನು ಪ್ರತಿಮಾಡುವಾಗ ಅಲ್ಲೊಂದು ಇಲ್ಲೊಂದು ಕೈತಪ್ಪು ಆಗುತ್ತದೆ. ಅದೇ ತಪ್ಪು ಎರಡು ಪ್ರತಿಗಳಲ್ಲಿ ಕಂಡುಬಂದರೆ ಅವೆರಡೂ ಒಂದೇ ಮಾತೃಕೆಯಿಂದ ಬಂದವೆಂದು ಸಂಪಾದಕರು ತರ್ಕಿಸುತ್ತಾರೆ. ವೈ ತಂತುವು ಸಹ ತಂದೆಯಿಂದ ಮಗನಿಗೆ ಪ್ರತಿಯಾಗುವಾಗ ಬಹು ಅಪರೂಪವಾಗಿ ಇಂತಹ ಕೈತಪ್ಪುಗಳಾಗುತ್ತವೆ. ಆ ಪಾಠಾಂತರಗಳು ಸರಿಹೊಂದುವ ಇಬ್ಬರು ಗಂಡಸರು ಒಬ್ಬನೇ ಮೂಲಪುರುಷನ ಗಂಡುಸಂತತಿಯವರೆಂದು ಹೇಳಬಹುದು. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಈಗ ಕತೆಗೆ ಬರೋಣ.

೨

ಥಾಮಸ್ ಜೆಫರ್ಸನ್ನನ ಹೆಸರನ್ನು ನಮ್ಮ ಪಠ್ಯಪುಸ್ತಕಗಳಲ್ಲಿ ಎಲ್ಲರೂ ಓದಿದ್ದೇವೆ. 1743ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಇವನು 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ರಚಿಸಿದವನು. 1801ರಿಂದ 1809ರ ವರೆಗೆ ಆ ದೇಶದ ಮೂರನೆಯ ಅಧ್ಯಕ್ಷನಾಗಿದ್ದವನು. ಮನುಷ್ಯರೆಲ್ಲರೂ ಸಮಾನರಾಗಿ ಸೃಷ್ಟಿಗೊಂಡವರೆಂದು ಜಗತ್ತಿಗೆ ಸಾರಿದ ಈ ಮಹಾಶಯನು ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದನೆಂಬುದು ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಬರುವುದಿಲ್ಲ. ಮಾಂಟಿಚೆಲ್ಲೊ ಎಂಬ ಗುಡ್ಡದ ಮೇಲೆ ಅವನು ಕಟ್ಟಿಸಿದ ಸುಂದರವಾದ ಮನೆಯು ಅವರ ದುಡಿಮೆಯಿಂದಲೇ ನಿಂತಿತ್ತು.

ಜೆಫರ್ಸನ್ನನು 1772ರಲ್ಲಿ ಮಾರ್ಥಾ ವೇಲ್ಸ್ ಎಂಬ ವಿಧವೆಯನ್ನು ಮದುವೆಯಾದನು. ಮರುವರ್ಷ ಮಾವನು ತೀರಿಕೊಂಡಾಗ ಹೊಲಗದ್ದೆಗಳ ಜೊತೆಗೆ 135 ಮಂದಿ ಗುಲಾಮರೂ ಆಸ್ತಿಯಾಗಿ ಬಂದರು. ಅವರಲ್ಲಿ ಎಲಿಜಬೆತ್ ಹೆಮಿಂಗ್ಸ್ ಎಂಬಾಕೆಯೂ ಅವಳ ಮಕ್ಕಳೂ ಇದ್ದರು. ಕಿರಿಯ ಮಗಳಾದ ಸ್ಯಾಲಿಯು 1773ರಲ್ಲಿ ಹುಟ್ಟಿದ ಕೈಗೂಸು. ಆ ಕೂಸಿನ ತಂದೆಯು ತೀರಿಹೋದ ಆ ಮಾವನೇ ಎಂದು ಹೆಮಿಂಗ್ಸರ ಮನೆಮಾತು. ಅಂದರೆ ಸ್ಯಾಲಿಯು ಯಜಮಾನಿ ಮಾರ್ಥಾಳಿಗೆ ಮಲತಂಗಿಯಾಗಬೇಕು. ಆದರೆ ಒಬ್ಬಳು ಒಡತಿ, ಮತ್ತೊಬ್ಬಳು ಅವಳ ಸೊತ್ತು.

ಇದಕ್ಕೆ ಕಾರಣವಾದ ಕಾನೂನನ್ನು ಇಲ್ಲಿ ಹೇಳಬೇಕು. 1662ರಲ್ಲಿ ವರ್ಜೀನಿಯದ ಶಾಸನಸಭೆಯು, ಮಗುವು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದಲೇ ನಿರ್ಣಯವಾಗತಕ್ಕದ್ದೆಂದು ವಿಧಿಸಿತು. ಇದೂ ಒಂದು ಬಗೆಯ ಅಳಿಯ ಕಟ್ಟೇ. ಆದರೆ ನಮ್ಮ ಕಟ್ಟಿನಲ್ಲಿ ತಾಯಿಯ ಬಳಿಯಿಂದ ಮನೆಯೂ ಮಾನವೂ ಬರುತ್ತಿದ್ದವು. ಅಲ್ಲಿ ಬಂದುದು ಸಂಕೋಲೆ. ಒಡೆಯನೇ ತಂದೆಯಾಗಿದ್ದರೂ ಮಗುವು ಅವನ ದಾಸನಾಗುತ್ತಿದ್ದಿತು.

ಮಾರ್ಥಾಳು 1782ರಲ್ಲಿ ತೀರಿಕೊಂಡಳು. 1784ರಲ್ಲಿ ಜೆಫರ್ಸನ್ನನು ಅಮೆರಿಕದ ಪ್ರತಿನಿಧಿಯಾಗಿ ಪ್ಯಾರಿಸ್ಸಿಗೆ ಹೋದನು. 1787ರಲ್ಲಿ ಅವನ ಚಿಕ್ಕ ಮಗಳನ್ನು ಅಲ್ಲಿಗೆ ಕರೆತರಲು ಜೊತೆಗಿತ್ತಿಯಾಗಿ ಬಂದವಳು ಸ್ಯಾಲಿ. ಆಗ ಅವಳಿಗೆ 14 ವರ್ಷ, ಜೆಫರ್ಸನ್ನನಿಗೆ 44. ಇಬ್ಬರೂ 1789ರಲ್ಲಿ ವರ್ಜೀನಿಯಕ್ಕೆ ಮರಳಿದರು. ಮುಂದೆ ಆಕೆಗೆ ಹುಟ್ಟಿದ ಮಕ್ಕಳಲ್ಲಿ ನಾಲ್ವರು ಬದುಕಿ ಬೆಳೆದರು: 1798ರಲ್ಲಿ ಬೆವರ್ಲಿ, 1801ರಲ್ಲಿ ಹ್ಯಾರಿಯೆಟ್, 1805ರಲ್ಲಿ ಮ್ಯಾಡಿಸನ್, 1808ರಲ್ಲಿ ಎಸ್ಟನ್. ಇವರ ತಂದೆ ಯಾರು? ಇನ್ನೂರು ವರ್ಷಗಳ ಕಾಲ ಅಮೆರಿಕವು ವಾದಿಸಿದ ಪ್ರಶ್ನೆಯಿದು.

೩

ಮೊದಲನೆಯ ಸಾಕ್ಷಿ ಕಾಗದ. ಜೆಫರ್ಸನ್ನನಷ್ಟು ಬರೆದಿಟ್ಟವರು ವಿರಳ. ದಿನದಿನದ ಖರ್ಚು, ಗಾಳಿಮಳೆ, ಪ್ರಯಾಣ, ತೋಟದಲ್ಲಿ ಬಟಾಣಿ ಬಲಿತ ದಿನ, ಎಲ್ಲವನ್ನೂ ಅವನು ಗುರುತಿಸಿಡುತ್ತಿದ್ದನು. ಅವನ ಬೇಸಾಯದ ಪುಸ್ತಕವೊಂದಿದೆ. ಅದರಲ್ಲಿ ಗುಲಾಮರ ಹೆಸರು, ಹುಟ್ಟಿದ ವರ್ಷ, ಅವರಿಗೆ ಹಂಚಿದ ಬಟ್ಟೆ ಕಂಬಳಿಗಳ ಲೆಕ್ಕ ಅವನ ಕೈಬರಹದಲ್ಲಿಯೇ ಇದೆ. ಸ್ಯಾಲಿಯ ಹೆಸರಿದೆ, ಅವಳ ಮಕ್ಕಳ ಹೆಸರುಗಳಿವೆ. ಆ ಮಕ್ಕಳ ತಂದೆಯ ಹೆಸರು ಮಾತ್ರ ಇಲ್ಲ.

1802ರಲ್ಲಿ ರಿಚ್ಮಂಡ್ ನಗರದ ಪತ್ರಿಕೆಯೊಂದರಲ್ಲಿ ಕ್ಯಾಲೆಂಡರ್ ಎಂಬ ಪತ್ರಕರ್ತನು ಅಧ್ಯಕ್ಷನೇ ಸ್ಯಾಲಿಯ ಮಕ್ಕಳ ತಂದೆಯೆಂದು ಬಹಿರಂಗವಾಗಿ ಬರೆದನು. ಅವನು ಜೆಫರ್ಸನ್ನನಲ್ಲಿ ಮುನಿಸಿಕೊಂಡಿದ್ದವನು. ಆದುದರಿಂದ ಅವನ ಮಾತನ್ನು ದ್ವೇಷದ ಮಾತೆಂದು ತಳ್ಳಿಹಾಕುವುದು ಸುಲಭವಾಯಿತು. ಜೆಫರ್ಸನ್ನನು ಇದಕ್ಕೆ ಬಹಿರಂಗವಾಗಿ ಉತ್ತರ ಕೊಡಲೇ ಇಲ್ಲ.

ಹೇಳಬಾರದೆಂದು ಬರೆಯದೆ ಬಿಟ್ಟವನ ಕಾಗದವೂ ಬೇರೆ ಮೂಲೆಯಿಂದ ಮಾತಾಡುವುದುಂಟು. 1822ರಲ್ಲಿ ಬೆವರ್ಲಿಯೂ ಹ್ಯಾರಿಯೆಟ್ಟಳೂ ಮಾಂಟಿಚೆಲ್ಲೊವನ್ನು ಬಿಟ್ಟು ಹೋದರು. ಪುಸ್ತಕದಲ್ಲಿ ಓಡಿಹೋದವರೆಂದು ಗುರುತಿದೆ. ಆದರೆ ಅವರನ್ನು ಹುಡುಕಿ ತರಿಸಿದ ಸುಳಿವಿಲ್ಲ. ಹ್ಯಾರಿಯೆಟ್ಟಳಿಗೆ ಯಜಮಾನನ ಅಪ್ಪಣೆಯ ಮೇರೆಗೆ 50 ಡಾಲರು ಕೊಟ್ಟು ಗಾಡಿ ಹತ್ತಿಸಿದೆನೆಂದು ತೋಟದ ಮೇಲ್ವಿಚಾರಕನು ಮುಂದೆ ಹೇಳಿದನು. 1826ರ ಜುಲೈ 4ರಂದು ಜೆಫರ್ಸನ್ನನು ತೀರಿಕೊಂಡಾಗ ಅವನ ಉಯಿಲಿನಲ್ಲಿ ಬಿಡುಗಡೆ ಹೊಂದಿದವರು ಐವರೇ. ಅವರಲ್ಲಿ ಇಬ್ಬರು ಮ್ಯಾಡಿಸನ್ ಮತ್ತು ಎಸ್ಟನ್. ಮರುವರ್ಷ ಜನವರಿಯಲ್ಲಿ ಸಾಲ ತೀರಿಸಲೆಂದು ಮಾಂಟಿಚೆಲ್ಲೊದ 130 ಮಂದಿಯನ್ನು ಹರಾಜಿಗಿಡಲಾಯಿತು. ಒಂದು ತಾಯಿಯ ಬದುಕುಳಿದ ಮಕ್ಕಳೆಲ್ಲರೂ ಸ್ವತಂತ್ರರಾದುದು ಸ್ಯಾಲಿಯ ಸಂಸಾರದಲ್ಲಿ ಮಾತ್ರ. ಕಾಗದವು ಇದಕ್ಕೆ ಕಾರಣ ಹೇಳದು. ಆದರೆ ಓದುವವನ ಕಣ್ಣನ್ನು ಅಲ್ಲಿಯೇ ನಿಲ್ಲಿಸುತ್ತದೆ.

೪

ಎರಡನೆಯ ಸಾಕ್ಷಿ ಬಾಯ್ಮಾತು. ಇದರಲ್ಲಿ ಎರಡು ಮನೆಗಳ ಮಾತುಗಳು ಎದುರುಬದುರಾಗಿ ನಿಂತವು.

ಜೆಫರ್ಸನ್ನನ ಮಗಳ ಮಕ್ಕಳು ಹೇಳಿದ ಮಾತು ಒಂದು. ಸ್ಯಾಲಿಯ ಮಕ್ಕಳಲ್ಲಿ ತಾತನ ಹೋಲಿಕೆ ಇದ್ದುದನ್ನು ಮೊಮ್ಮಗನು ಅಲ್ಲಗಳೆಯಲಿಲ್ಲ. ಆದರೆ ತಂದೆಯು ತಾತನಲ್ಲ, ತಾತನ ಸೋದರಳಿಯನಾದ ಪೀಟರ್ ಕಾರ್ ಎಂದನು. ಮೊಮ್ಮಗಳು 1858ರ ಒಂದು ಪತ್ರದಲ್ಲಿ, ಇನ್ನೊಬ್ಬ ಸೋದರಳಿಯನಾದ ಸ್ಯಾಮ್ಯುಯೆಲ್ ಕಾರ್ ಎಂದಳು. ಅಣ್ಣತಂಗಿಯರು ಹೇಳಿದ ಹೆಸರುಗಳು ಬೇರೆಬೇರೆಯಾಗಿದ್ದರೂ ವಿದ್ವಾಂಸರಲ್ಲಿ ಬಹುಮಂದಿ ಈ ಮಾತನ್ನೇ ಒಂದು ಶತಮಾನಕ್ಕೂ ಮೀರಿ ನಂಬಿದರು.

ಇನ್ನೊಂದು ಮಾತು ಮ್ಯಾಡಿಸನ್ ಹೆಮಿಂಗ್ಸನದು. ಬಿಡುಗಡೆಯಾದ ಮೇಲೆ ಬಡಗಿಯ ಕೆಲಸದಿಂದ ಜೀವಿಸಿ, ಓಹಾಯೊ ಪ್ರಾಂತಕ್ಕೆ ವಲಸೆ ಹೋಗಿದ್ದ ಅವನು, 68ರ ವಯಸ್ಸಿನಲ್ಲಿ, 1873ರ ಮಾರ್ಚ್ 13ರ ಒಂದು ಊರ ಪತ್ರಿಕೆಯಲ್ಲಿ ತನ್ನ ಜೀವನವನ್ನು ಹೇಳಿ ಬರೆಯಿಸಿದನು. ಪ್ಯಾರಿಸ್ಸಿನಲ್ಲಿ ತನ್ನ ತಾಯಿ ಗರ್ಭಿಣಿಯಾದಳೆಂದೂ, ಫ್ರಾನ್ಸಿನ ನೆಲದಲ್ಲಿ ಸ್ವತಂತ್ರಳಾಗಿ ಉಳಿಯಬಹುದಾಗಿದ್ದ ಆಕೆ ಹಿಂತಿರುಗಲು ಒಪ್ಪಲಿಲ್ಲವೆಂದೂ, ಹುಟ್ಟುವ ಮಕ್ಕಳನ್ನು 21ನೆಯ ವಯಸ್ಸಿನಲ್ಲಿ ಬಿಡುಗಡೆ ಮಾಡುವೆನೆಂದು ಜೆಫರ್ಸನ್ನನು ಮಾತು ಕೊಟ್ಟ ಮೇಲೆಯೇ ಮರಳಿದಳೆಂದೂ ಅವನು ಹೇಳಿದನು. ತಂದೆಯು ತಮ್ಮೊಡನೆ ನಿರ್ದಯನಾಗಿರಲಿಲ್ಲ, ಆದರೆ ಮೊಮ್ಮಕ್ಕಳಿಗೆ ತೋರಿದ ಅಕ್ಕರೆಯನ್ನು ತಮಗೆ ತೋರಲಿಲ್ಲವೆಂದೂ ಹೇಳಿದನು. ಅವನ ಮಾತಿನಲ್ಲಿ ಬೇಡಿಕೆಯಿಲ್ಲ, ಜಂಭವೂ ಇಲ್ಲ. ಹದಿನಾಲ್ಕು ಹದಿನಾರರ ಹುಡುಗಿಯೊಬ್ಬಳು, ಬೇಡವೆನ್ನುವ ಹಕ್ಕನ್ನು ಕಾನೂನೇ ಕೊಡದಿದ್ದ ಸ್ಥಿತಿಯಲ್ಲಿ, ಇನ್ನೂ ಹುಟ್ಟದ ಮಕ್ಕಳಿಗಾಗಿ ಗಳಿಸಿಕೊಂಡ ಒಂದು ವಾಗ್ದಾನವನ್ನು ಮಗನು ನೆನೆಯುತ್ತಿದ್ದಾನೆ, ಅಷ್ಟೆ.

ಇದಕ್ಕೂ ಮೂರು ವರ್ಷ ಮೊದಲು, 1870ರ ಜನಗಣತಿಯಲ್ಲಿ, ಲೆಕ್ಕ ಬರೆಯಲು ಬಂದ ಅಧಿಕಾರಿಯು ಮ್ಯಾಡಿಸನ್ನನ ಹೆಸರಿನ ಪಕ್ಕದಲ್ಲಿ ಈತನು ಥಾಮಸ್ ಜೆಫರ್ಸನ್ನನ ಮಗನೆಂದು ತಾನಾಗಿಯೇ ಗುರುತು ಹಾಕಿದ್ದನು. ಸರಕಾರಿ ಕಾಗದದ ಅಂಚಿನಲ್ಲಿ ಬಾಯ್ಮಾತು ನುಸುಳಿ ಕುಳಿತುಕೊಂಡಿತು. ಆದರೂ ಪ್ರತಿಸ್ಪರ್ಧಿ ಪತ್ರಿಕೆಯೊಂದು ಮ್ಯಾಡಿಸನ್ನನ ವೃತ್ತಾಂತವನ್ನು ಹೀಯಾಳಿಸಿತು. ಜೀವನಚರಿತ್ರಕಾರರು ಮಗಳ ಮಕ್ಕಳ ಮಾತನ್ನು ಸಾಕ್ಷ್ಯವೆಂದರು. ದಾಸಿಯ ಮಗನ ಮಾತನ್ನು ಗಾಳಿಮಾತೆಂದರು.

ಎಸ್ಟನ್ನನ ಮನೆಯ ಕತೆ ಬೇರೆ. ಅವನು ಪಿಟೀಲು ವಾದ್ಯದಲ್ಲಿ ನಿಪುಣನು. ಓಹಾಯೊದಲ್ಲಿ ಕೆಲಕಾಲವಿದ್ದು 1852ರಲ್ಲಿ ವಿಸ್ಕಾನ್ಸಿನ್ ಪ್ರಾಂತಕ್ಕೆ ಹೋಗಿ, ಹೆಮಿಂಗ್ಸ್ ಎಂಬ ಹೆಸರಿನ ಮುಂದೆ ಜೆಫರ್ಸನ್ ಎಂದು ಸೇರಿಸಿಕೊಂಡು, ಬಿಳಿಯರಲ್ಲಿ ಬಿಳಿಯನಾಗಿ ಬದುಕಿದನು. ಪೂರ್ವಜರಲ್ಲಿ ಎಂಟರಲ್ಲಿ ಏಳು ಪಾಲು ಯೂರೋಪಿನವರಾಗಿದ್ದ ಆ ಸಂಸಾರಕ್ಕೆ ಇದು ಸಾಧ್ಯವಾಯಿತು. ಆದರೆ ಅದಕ್ಕೆ ತೆತ್ತ ಬೆಲೆ ದೊಡ್ಡದು: ಅಣ್ಣನ ಮನೆಯವರ ಸಂಬಂಧವು ಕಡಿದುಹೋಯಿತು, ತಾಯಿಯ ಹೆಸರನ್ನು ಮಕ್ಕಳಿಗೆ ಹೇಳದಂತಾಯಿತು. 1940ರ ದಶಕದಲ್ಲಿ ಆ ಸಂತತಿಯ ಹಿರಿಯರು ಮನೆಯ ಕತೆಯನ್ನೇ ತಿದ್ದಿ, ನಾವು ಜೆಫರ್ಸನ್ನನ ಚಿಕ್ಕಪ್ಪ ದೊಡ್ಡಪ್ಪಂದಿರ ಕಡೆಯವರೆಂದು ಮಕ್ಕಳಿಗೆ ಹೇಳಿದರು. 1974ರಲ್ಲಿ ಫಾನ್ ಬ್ರೋಡಿ ಅವರು ಬರೆದ ಜೆಫರ್ಸನ್ನನ ಜೀವನಚರಿತ್ರೆಯಲ್ಲಿ ಎಸ್ಟನ್ ಎಂಬ ಅಪರೂಪದ ಹೆಸರನ್ನು ಕಂಡಾಗ ಆ ಮನೆಯವರಿಗೆ ತಾವು ಯಾರೆಂಬುದು ಹೊಳೆಯಿತು.

೫

ಇಷ್ಟರಲ್ಲಿ ಕಾಗದವನ್ನು ಮರಳಿ ಓದುವ ಕೆಲಸವೂ ನಡೆದಿತ್ತು. ಡ್ಯೂಮಸ್ ಮಲೋನ್ ಎಂಬ ವಿದ್ವಾಂಸರು 1948ರಿಂದ 1981ರ ವರೆಗೆ ಆರು ಸಂಪುಟಗಳಲ್ಲಿ ಜೆಫರ್ಸನ್ನನ ಜೀವನಚರಿತ್ರೆಯನ್ನು ಬರೆದರು. ಸ್ಯಾಲಿಯ ಸಂಬಂಧವನ್ನು ಅವರು ಒಪ್ಪಲಿಲ್ಲ. ಆದರೆ ಜೆಫರ್ಸನ್ನನು ಯಾವ ಯಾವ ದಿನ ಎಲ್ಲೆಲ್ಲಿದ್ದನೆಂಬುದನ್ನು ಪ್ರಾಮಾಣಿಕವಾಗಿ ಪಟ್ಟಿಮಾಡಿದರು. ಆ ಪಟ್ಟಿಯನ್ನು ಹಿಡಿದು ವಿಂತ್ರಾಪ್ ಜೋರ್ಡನ್ ಅವರು 1968ರಲ್ಲಿ ತೋರಿಸಿದ ಸಂಗತಿ ಇದು: ಊರೂರು ತಿರುಗುತ್ತಿದ್ದ ಜೆಫರ್ಸನ್ನನು ಸ್ಯಾಲಿಯ ಪ್ರತಿಯೊಂದು ಮಗುವೂ ಹುಟ್ಟುವ ಒಂಬತ್ತು ತಿಂಗಳ ಮೊದಲು ಮಾಂಟಿಚೆಲ್ಲೊದಲ್ಲಿಯೇ ಇದ್ದನು. 1997ರಲ್ಲಿ ಆನೆಟ್ ಗಾರ್ಡನ್-ರೀಡ್ ಎಂಬ ನ್ಯಾಯಶಾಸ್ತ್ರದ ಪ್ರಾಧ್ಯಾಪಿಕೆಯವರು ಎರಡೂ ಮನೆಗಳ ಸಾಕ್ಷ್ಯವನ್ನು ನ್ಯಾಯಸ್ಥಾನದಲ್ಲಿ ತೂಗುವಂತೆ ತೂಗಿ, ಒಂದು ಕಡೆಯ ಸಾಕ್ಷಿಗೆ ಒಂದು ನಿಯಮ, ಇನ್ನೊಂದು ಕಡೆಯ ಸಾಕ್ಷಿಗೆ ಇನ್ನೊಂದು ನಿಯಮವನ್ನು ವಿದ್ವಾಂಸರು ಅನುಸರಿಸಿದ್ದಾರೆಂದು ತೋರಿಸಿದರು. ಇದೆಲ್ಲವೂ ನೆತ್ತರಿನ ಪರೀಕ್ಷೆಗೆ ಮೊದಲೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಈಗ ಮೂರನೆಯ ಸಾಕ್ಷಿಯನ್ನು ಕರೆಯೋಣ. ಜೆಫರ್ಸನ್ನನಿಗೆ ಧರ್ಮಪತ್ನಿಯಲ್ಲಿ ಬದುಕುಳಿದ ಗಂಡುಮಕ್ಕಳಿರಲಿಲ್ಲ. ಅವನ ವೈ ತಂತುವು ಹೆಣ್ಣುಮಕ್ಕಳ ಸಂತತಿಯಲ್ಲಿ ಸಿಗದು. ಆದುದರಿಂದ ಯೂಜೀನ್ ಫಾಸ್ಟರ್ ಎಂಬ ನಿವೃತ್ತ ರೋಗವಿಜ್ಞಾನಿಗಳು ವಂಶಾವಳಿಯಲ್ಲಿ ಒಂದು ಮೆಟ್ಟಿಲು ಮೇಲಕ್ಕೆ ಹತ್ತಿದರು. ಜೆಫರ್ಸನ್ನನ ತಂದೆಗೂ ದೊಡ್ಡಪ್ಪ ಫೀಲ್ಡ್ ಜೆಫರ್ಸನ್ನನಿಗೂ ಒಂದೇ ವೈ ತಂತುವಷ್ಟೆ. ಆ ದೊಡ್ಡಪ್ಪನ ಗಂಡುಸಂತತಿಯ ಐವರು, ಕಾರ್ ಮನೆತನದ ಮೂವರು, ಎಸ್ಟನ್ನನ ಗಂಡುಸಂತತಿಯ ಒಬ್ಬರು, ಇವರ ರಕ್ತವನ್ನು ಅವರು ಸಂಗ್ರಹಿಸಿದರು. ಇವರ ಜೊತೆಗೆ ಥಾಮಸ್ ವುಡ್ಸನ್ ಎಂಬಾತನ ಸಂತತಿಯ ಐವರೂ ಇದ್ದರು. ಪ್ಯಾರಿಸ್ಸಿನಲ್ಲಿ ಗರ್ಭದಲ್ಲಿದ್ದ ಮೊದಲ ಮಗುವೇ ತಮ್ಮ ಮೂಲಪುರುಷನೆಂಬ ಕತೆಯನ್ನು ಆ ಮನೆತನವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿತ್ತು. ಇಂಗ್ಲೆಂಡು ಹಾಲೆಂಡುಗಳ ಪ್ರಯೋಗಶಾಲೆಗಳಲ್ಲಿ ವೈ ತಂತುವಿನ 19 ಸ್ಥಾನಗಳನ್ನು ಹೋಲಿಸಿ ನೋಡಲಾಯಿತು.

ಇಲ್ಲಿ ಕನ್ನಡದ ನೆಂಟಸ್ತಿಕೆಯ ಮಾತುಗಳು ಎಷ್ಟು ಖಚಿತವಾಗಿವೆ ನೋಡಿರಿ. ಇಂಗ್ಲಿಷರು ದೊಡ್ಡಪ್ಪನನ್ನೂ ಸೋದರಮಾವನನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ. ಅಣ್ಣನ ಮಗನಿಗೂ ತಂಗಿಯ ಮಗನಿಗೂ ಅವರಲ್ಲಿ ಒಂದೇ ಶಬ್ದ. ನಮಗಾದರೋ ದೊಡ್ಡಪ್ಪನ ಮಕ್ಕಳು ದಾಯಾದಿಗಳು, ಸೋದರಳಿಯಂದಿರು ಬೇರೆ ಮನೆತನದವರು. ವೈ ತಂತುವು ಸಹ ಈ ಭೇದವನ್ನೇ ಮಾಡುತ್ತದೆ. ಕಾರ್ ಸೋದರರು ಜೆಫರ್ಸನ್ನನ ತಂಗಿಯ ಮಕ್ಕಳು. ಅವರಲ್ಲಿದ್ದುದು ಕಾರ್ ಮನೆತನದ ತಂತು; ಜೆಫರ್ಸನ್ ಮನೆತನದ್ದಲ್ಲ. ಎಸ್ಟನ್ನನ ಸಂತತಿಯಲ್ಲಿ ಇವೆರಡರಲ್ಲಿ ಯಾವುದು ಸಿಗುವುದೋ ಅದರಿಂದ ಮಗಳ ಮಕ್ಕಳ ಮಾತು ನಿಲ್ಲಬೇಕು ಅಥವಾ ಬೀಳಬೇಕು.

ಫಲಿತಾಂಶವು 1998ರ ನವೆಂಬರ್ 5ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ದೊಡ್ಡಪ್ಪನ ಸಂತತಿಯ ಐವರಲ್ಲಿ ನಾಲ್ವರ ತಂತುಗಳು ಪೂರ್ಣವಾಗಿ ಒಂದೇ. ಐದನೆಯವರದರಲ್ಲಿ ಒಂದೇ ಒಂದು ಸ್ಥಾನದಲ್ಲಿ ಸಣ್ಣ ಪಾಠಾಂತರ. ಎಸ್ಟನ್ನನ ಸಂತತಿಯವರ ತಂತುವು ಜೆಫರ್ಸನ್ ಮನೆತನದ ತಂತುವಿನೊಡನೆ ಸರಿಹೊಂದಿತು. ಆ ತಂತುವು ಯೂರೋಪಿನವರಲ್ಲಿ ಬಹಳ ವಿರಳವಾದುದು. ಆದುದರಿಂದ ಇದು ಆಕಸ್ಮಿಕವೆನ್ನುವಂತಿರಲಿಲ್ಲ. ಕಾರ್ ಮನೆತನದ ತಂತುವಿಗೂ ಇದಕ್ಕೂ ಹೋಲಿಕೆಯೇ ಇರಲಿಲ್ಲ. ನೂರು ವರ್ಷಕ್ಕೂ ಮೀರಿ ಗ್ರಂಥಗಳಲ್ಲಿ ನಿಂತಿದ್ದ ಸಮಾಧಾನವು ಒಂದೇ ದಿನದಲ್ಲಿ ಕುಸಿಯಿತು. ವುಡ್ಸನ್ ಸಂತತಿಯ ತಂತುಗಳೂ ಜೆಫರ್ಸನ್ನರದಕ್ಕೆ ಹೊಂದಲಿಲ್ಲ.

೬

ಇಲ್ಲಿಗೆ ಕತೆ ಮುಗಿಯಿತೆಂದು ನನ್ನ ವಿದ್ಯಾರ್ಥಿಯು ಹೇಳಬಹುದು. ಮುಗಿಯಲಿಲ್ಲ. ಜೆಫರ್ಸನ್ನನೇ ತಂದೆಯೆಂದು ಸಾರುವ ತಲೆಬರಹದ ಕೆಳಗೆ ಆ ಲೇಖನವು ಅಚ್ಚಾಗಿತ್ತು. ಪರೀಕ್ಷೆಯಿಂದ ಅಷ್ಟು ಹೇಳಲು ಬಾರದೆಂದು ಆಕ್ಷೇಪಗಳು ಬಂದವು. ಫಾಸ್ಟರ್ ಅವರೂ ಅದನ್ನು ಒಪ್ಪಿಕೊಂಡರು. ವೈ ತಂತುವು ಮನೆತನವನ್ನು ಹೇಳುತ್ತದೆಯೇ ಹೊರತು ಆ ಮನೆತನದ ಯಾವ ಗಂಡಸು ಎಂಬುದನ್ನು ಹೇಳದು. ಜೆಫರ್ಸನ್ನನಿಗೆ ರಾಂಡಾಲ್ಫ್ ಎಂಬ ತಮ್ಮನಿದ್ದನು, ಅವನಿಗೆ ಮಕ್ಕಳಿದ್ದರು. ಅವರೆಲ್ಲರ ತಂತುವೂ ಒಂದೇ.

ಈ ಹಂತದಲ್ಲಿ ನೆತ್ತರು ಮೂಕವಾಯಿತು. ಕಾಗದ ಮತ್ತು ಬಾಯ್ಮಾತು ಮತ್ತೆ ಮುಂದೆ ಬರಬೇಕಾಯಿತು. ಪ್ರತಿ ಗರ್ಭಧಾರಣೆಯ ಕಾಲದಲ್ಲಿಯೂ ಮಾಂಟಿಚೆಲ್ಲೊದಲ್ಲಿ ಇದ್ದನೆಂದು ದಾಖಲೆಯಿರುವುದು ಯಾರಿಗೆ? ಆ ಮಕ್ಕಳೆಲ್ಲರನ್ನೂ ಬಿಡುಗಡೆ ಮಾಡಿದವನು ಯಾರು? ಮಗನು ಹೆಸರಿಟ್ಟು ಹೇಳಿದ ತಂದೆ ಯಾರು? ಮೂರು ಸಾಕ್ಷಿಗಳ ಬೆರಳೂ ಒಬ್ಬನ ಕಡೆಗೇ ತಿರುಗಿದುವು. ಮಾಂಟಿಚೆಲ್ಲೊವನ್ನು ನೋಡಿಕೊಳ್ಳುವ ಜೆಫರ್ಸನ್ ಪ್ರತಿಷ್ಠಾನವು 2000ದ ಜನವರಿಯಲ್ಲಿ, ಎಸ್ಟನ್ನನ ತಂದೆಯು ಜೆಫರ್ಸನ್ನನೇ ಆಗಿರುವ ಸಂಭವವು ಅತ್ಯಧಿಕವೆಂದೂ, ಸ್ಯಾಲಿಯ ಎಲ್ಲ ಮಕ್ಕಳ ತಂದೆಯೂ ಅವನೇ ಆಗಿರಬೇಕೆಂದೂ ತೀರ್ಮಾನಿಸಿತು. 2001ರಲ್ಲಿ ವಿದ್ವಾಂಸರ ಇನ್ನೊಂದು ಮಂಡಳಿಯು ಇದನ್ನು ಒಪ್ಪದೆ ತಮ್ಮನ ಕಡೆಗೆ ಬೆರಳು ತೋರಿತು. ಇಂದು ಇತಿಹಾಸಕಾರರಲ್ಲಿ ಬಹುಮಂದಿಯ ಮತವು ಮೊದಲನೆಯ ತೀರ್ಮಾನದ ಕಡೆಗಿದೆ.

ಸಂಬಂಧವು ತಿಳಿದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯಿತೆಂದೂ ಅಲ್ಲ. ಮಾಂಟಿಚೆಲ್ಲೊದಲ್ಲಿರುವ ಕುಟುಂಬದ ಸ್ಮಶಾನವು ಜೆಫರ್ಸನ್ನನ ಹೆಣ್ಣುಮಕ್ಕಳ ಸಂತತಿಯವರ ಸಂಘದ ಕೈಯಲ್ಲಿದೆ. 2002ರಲ್ಲಿ ಆ ಸಂಘವು ಹೆಮಿಂಗ್ಸ್ ಸಂತತಿಯವರನ್ನು ಸೇರಿಸಿಕೊಳ್ಳಲು ನಿರಾಕರಿಸಿತು.

ಇನ್ನೊಂದು ಪ್ರಸಂಗವು ನನಗೆ ಇದಕ್ಕಿಂತ ಹೆಚ್ಚು ಮನಮುಟ್ಟುತ್ತದೆ. ಮ್ಯಾಡಿಸನ್ನನ ಗಂಡುಸಂತತಿಯು ಮುಂದುವರಿದಿಲ್ಲ. ಅವನ ಮಗನೊಬ್ಬನ ಸಮಾಧಿಯು ಕ್ಯಾನ್ಸಸ್ ಪ್ರಾಂತದ ಸೈನಿಕರ ಸ್ಮಶಾನದಲ್ಲಿದೆ. ಅದನ್ನು ಅಗೆದು ಮೂಳೆಯಿಂದ ಪರೀಕ್ಷೆ ಮಾಡೋಣವೆಂಬ ಸೂಚನೆ ಬಂದಿತು. ಮನೆಯವರು ಒಪ್ಪಲಿಲ್ಲ. ಹಿರಿಯರಿಂದ ಕೇಳಿ ತಿಳಿದಿರುವ ಮಾತಿಗೆ ಹೊರಗಿನವರ ಮೊಹರು ಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಸತ್ತವನ ನಿದ್ದೆಯನ್ನು ಕೆಡಿಸಿ ಪಡೆಯುವ ಪ್ರಮಾಣಪತ್ರವು ಅವರಿಗೆ ಬೇಡವಾಯಿತು.

2018ರ ಜೂನ್ ತಿಂಗಳಲ್ಲಿ ಮಾಂಟಿಚೆಲ್ಲೊದ ದಕ್ಷಿಣದ ಸಾಲಿನ ಒಂದು ಕೋಣೆಯನ್ನು ಸ್ಯಾಲಿ ಹೆಮಿಂಗ್ಸಳ ಜೀವನಕ್ಕೆ ಮೀಸಲಾಗಿ ತೆರೆದರು. ಆಕೆಯ ಒಂದು ಚಿತ್ರವೂ ಉಳಿದಿಲ್ಲ. ಆಕೆಯ ಕೈಬರಹದ ಒಂದು ಅಕ್ಷರವೂ ಉಳಿದಿಲ್ಲ. 1835ರಲ್ಲಿ ತೀರಿಕೊಂಡ ಆಕೆಯ ಬಗ್ಗೆ ನಾವು ಬಲ್ಲುದೆಲ್ಲವೂ ಒಡೆಯನ ಲೆಕ್ಕದ ಪುಸ್ತಕದಿಂದ, ಮಗನ ನೆನಪಿನಿಂದ, ಮರಿಮಕ್ಕಳ ನೆತ್ತರಿನಿಂದ ಕೂಡಿಸಿಕೊಂಡುದು.

೭

ಈಗ ಮೂವರು ಸಾಕ್ಷಿಗಳನ್ನೂ ಒಮ್ಮೆ ತೂಗಿ ನೋಡೋಣ. ಕಾಗದವು ಸುಳ್ಳು ಹೇಳಲಿಲ್ಲ. ಆದರೆ ಬರೆದವನಿಗೆ ಬೇಡವಾದುದನ್ನು ಹೇಳಲಿಲ್ಲ. ಬಾಯ್ಮಾತಿನಲ್ಲಿ ಮ್ಯಾಡಿಸನ್ನನದು ನಿಂತಿತು, ಜೆಫರ್ಸನ್ನನ ಮೊಮ್ಮಕ್ಕಳದು ಬಿದ್ದಿತು, ವುಡ್ಸನ್ ಮನೆತನದವರು ಭಕ್ತಿಯಿಂದ ಕಾಪಾಡಿದ ಕತೆಗೆ ಪರೀಕ್ಷೆಯಲ್ಲಿ ಆಧಾರ ದೊರೆಯಲಿಲ್ಲ. ಬಡವರ ಮಾತೆಲ್ಲ ನಿಜ, ಸಿರಿವಂತರ ಮಾತೆಲ್ಲ ಸುಳ್ಳು ಎಂಬ ಸುಲಭದ ಸೂತ್ರವೂ ಇಲ್ಲಿ ನಡೆಯದು. ನೆತ್ತರು ಒಂದು ಪ್ರಶ್ನೆಗೆ ಮಾತ್ರ ಖಚಿತವಾದ ಉತ್ತರವನ್ನು ಕೊಟ್ಟಿತು. ಅದೂ ಸರಿಯಾದ ಪ್ರಶ್ನೆಯನ್ನು ಕಾಗದವೂ ಬಾಯ್ಮಾತೂ ಕೂಡಿ ಸಿದ್ಧಪಡಿಸಿದ ಮೇಲೆ. ಯಾರ ರಕ್ತವನ್ನು ಯಾರದರೊಡನೆ ಹೋಲಿಸಬೇಕೆಂಬುದು ವಂಶಾವಳಿಯಿಲ್ಲದೆ ಫಾಸ್ಟರ್ ಅವರಿಗೆ ತಿಳಿಯುತ್ತಿತ್ತೇ?

ವಿದ್ಯಾರ್ಥಿಗಳು ಒಂದು ಲೆಕ್ಕವನ್ನೂ ಮಾಡಿ ನೋಡಬಹುದು. ಇಬ್ಬರು ತಂದೆತಾಯಿ, ನಾಲ್ವರು ಅಜ್ಜ ಅಜ್ಜಿಯರು, ಹೀಗೆ ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಒಂದು ಮೆಟ್ಟಿಲಿನಲ್ಲಿಯೇ 1,024 ಸ್ಥಾನಗಳಿವೆ. ವೈ ತಂತುವು ಅವರಲ್ಲಿ ಒಬ್ಬನನ್ನು ಹೇಳುತ್ತದೆ, ಮೈಟೋಕಾಂಡ್ರಿಯವು ಒಬ್ಬಳನ್ನು. ಉಳಿದ 1,022 ಮಂದಿಯಲ್ಲಿ ಹಲವರ ಡಿ.ಎನ್.ಎ.ಯ ಒಂದು ತುಣುಕೂ ನಮ್ಮಲ್ಲಿ ಉಳಿದಿರದು. ಆದರೂ ಅವರು ನಮ್ಮ ಹಿರಿಯರೇ; ಅವರಲ್ಲಿ ಒಬ್ಬರಿಲ್ಲದಿದ್ದರೂ ನಾವಿಲ್ಲ. ಅಂಚೆಯಲ್ಲಿ ಬರುವ ಪರೀಕ್ಷೆಯ ವರದಿಯು ಅಂತಹವರ ಹೆಸರನ್ನು ಹೇಳಲಾರದು. ಅವರು ಉಳಿಯುವುದಾದರೆ ಒಂದು ಕಾಗದದಲ್ಲಿ, ಇಲ್ಲವೇ ಒಬ್ಬ ಅಜ್ಜಿಯ ನೆನಪಿನಲ್ಲಿ.

ಇದು ಅಮೆರಿಕದ ಮಾತು ಮಾತ್ರವಲ್ಲ. 1800-01ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಮಲಬಾರಿನಲ್ಲಿ ಹೊಲದ ಆಳುಗಳನ್ನು ಮಾರುವ, ಅಡವಿಡುವ, ಗೇಣಿಗೆ ಕೊಡುವ ಪದ್ಧತಿಯನ್ನು ವಿವರವಾಗಿ ಬರೆದಿದ್ದಾನೆ. ಕನ್ನಡ ಜಿಲ್ಲೆಯಲ್ಲಿಯೂ ಅಂತಹ ಆಳುಗಳಿದ್ದುದನ್ನು ಹೇಳಿದ್ದಾನೆ. 1843ರ ಐದನೆಯ ಕಾಯಿದೆಯು ನಮ್ಮ ದೇಶದ ನ್ಯಾಯಸ್ಥಾನಗಳಲ್ಲಿ ಇಂತಹ ಒಡೆತನಕ್ಕೆ ಮಾನ್ಯತೆಯಿಲ್ಲವೆಂದಿತು. ನಮ್ಮ ಹಳೆಯ ಲೆಕ್ಕಪತ್ರಗಳಲ್ಲಿ ಭೂಮಿಯಿದ್ದವರ ವಂಶಾವಳಿಯು ದೊರೆಯುತ್ತದೆ. ಆ ಭೂಮಿಯನ್ನು ಉತ್ತವರ ಮನೆಯ ಕತೆಗೆ ಅಲ್ಲಿ ಜಾಗವಿಲ್ಲ. ಅವರ ಹಿರಿಯರು ಪಾಡ್ದನಗಳಲ್ಲಿ, ದೈವದ ನುಡಿಗಳಲ್ಲಿ, ಮುದುಕಿಯರ ಮಾತುಗಳಲ್ಲಿ ಉಳಿದಿದ್ದಾರೆ. ಆ ಮಾತುಗಳನ್ನು ಕಟ್ಟುಕತೆಯೆಂದು ತಳ್ಳುವ ಮೊದಲು 1873ರ ಆ ಮುದಿ ಬಡಗಿಯನ್ನು ನೆನೆಯಬೇಕು. ಅವನು ಹೇಳಿದುದನ್ನು ಜಗತ್ತು ನಂಬಲು 125 ವರ್ಷಗಳು ಬೇಕಾದವು.

ಆದುದರಿಂದ ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು. ನಳಿಕೆಯಲ್ಲಿ ಎಂಜಲನ್ನು ಕಳುಹಿಸುವುದಾದರೆ ಕಳುಹಿಸು. ಆದರೆ ಅದರಲ್ಲಿರುವುದು ನಿನ್ನೊಬ್ಬನ ಗುಟ್ಟಲ್ಲ, ನಿನ್ನ ಮನೆಯವರೆಲ್ಲರದು. ಅವರನ್ನು ಕೇಳಿಯೇ ಕಳುಹಿಸು. ಅದು ಇನ್ನು ಹತ್ತು ವರ್ಷ ಕಳೆದರೂ ಆದೀತು. ಕಪಾಟಿನ ಕಾಗದಗಳನ್ನು ಗೆದ್ದಲು ಮುಟ್ಟದಂತೆ ಎತ್ತಿಡು. ಅವೂ ಕೆಲವು ಮಳೆಗಾಲಗಳನ್ನು ತಡೆದಾವು. ಅಜ್ಜಿಯ ಮಾತಿಗೆ ಅಷ್ಟು ಕಾಲಾವಕಾಶವಿಲ್ಲ. ಈ ಸಂಜೆಯೇ ಹೋಗಿ ಅವರ ಬಳಿ ಕುಳಿತು, ಅವರ ಅಜ್ಜಿಯ ಹೆಸರೇನೆಂದು ಕೇಳಿ ಬರೆದುಕೋ.